ಕರೇಹಳ್ಳದ ಒಲೆಸಂಕ

ಹಾನಗಲ್ಲು ಸೀಮೆಯ ಕಡಬಗೇರಿಯಿಂದ ಹೊರಟ ಮಣ್ಣುರಸ್ತೆ ಊರು ದಾಟಿದ ಕೂಡಲೇ ಕರೇಹಳ್ಳಕ್ಕೆ ಇಳಿಯುತ್ತದೆ. ಅಲ್ಲಿ ನೀರಿನ ಮೇಲೆ ಉದ್ದನೆಯ ಮನೆಯೊಂದನ್ನು ಅಡ್ಡ ಇಟ್ಟಂತೆ ಕಾಣುವುದೇ ಒಲೆಸಂಕ. ಸಾಗವಾನಿ ತೊಲೆಗಳ ಕಾಲುಸೇತುವೆ, ಅದರ ಉದ್ದಕ್ಕೂ ನಾಡಹಂಚಿನ ಮಾಡು. ಇಂಥ ಮಾಡಿನ ಸಂಕಗಳು ಈ ಸೀಮೆಯಲ್ಲಿ ಇನ್ನೂ ಮೂರು ನಾಲ್ಕು ಉಳಿದಿವೆ. ಅವನ್ನು ನೋಡಲೆಂದೇ ಈಚೆಗೆ ಹುಬ್ಬಳ್ಳಿ, ದಾವಣಗೆರೆಗಳಿಂದ ಜನ ಕಾರು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಒಂದೊಂದರ ಮುಂದೆಯೂ ನಿಂತು ಫೋಟೋ ತೆಗೆದು, ಇಲ್ಲಿಗೆ ಮುಟ್ಟುವಷ್ಟರಲ್ಲಿ ದಣಿದು, ‘ಎಲ್ಲಾ ಒಂದೇ ಥರ ಇವೆಯಲ್ಲ’ ಎನ್ನುತ್ತಾರೆ. ಒಂದೇ ಥರವಂತೆ, ಹೇಳುವವರಿಗೇನು. ಉಳಿದವನ್ನು ಕಟ್ಟಿಸಿದವರು ಸಾಹುಕಾರರು, ಮಠಸ್ಥರು. ಪುಣ್ಯಕ್ಕೆಂದು ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೊರೆಸಿಕೊಂಡರು. ಇದು ಪುಣ್ಯಕ್ಕೆ ಎದ್ದದ್ದಲ್ಲ, ಹಟಕ್ಕೆ ಎದ್ದದ್ದು.

ಹಿಂದೆ ಒಮ್ಮೆ ಈ ಊರು ದೇಸಾಯರ ಕೈಯಲ್ಲಿದ್ದ ಕಾಲಕ್ಕೆ ಇಲ್ಲೊಂದು ಕಟ್ಟಳೆಯಿತ್ತು ಎನ್ನುತ್ತಾರೆ. ಹಂಚಿನ ಮಾಡು ಇರಬೇಕಾದ್ದು ಎರಡೇ ಕಡೆ, ದೇವರ ಗುಡಿಗೆ ಮತ್ತು ದೇಸಾಯರ ವಾಡೆಗೆ. ಮಿಕ್ಕವರು ಹುಲ್ಲು ಹೊದಿಸಿಕೊಂಡು ಬಾಳಬೇಕು. ಆ ಹಂಚುಗಳನ್ನು ತಟ್ಟಿ ಸುಡುತ್ತಿದ್ದವಳು ಕುಂಬಾರ ಬಾಳವ್ವ. ಗಂಡ ಸತ್ತ ಮೇಲೆ ಮಣ್ಣು ತಿರುಗಿಸುವ ತಿಗರಿಯನ್ನೂ ಸುಡುವ ಆವಿಗೆಯನ್ನೂ ತಾನೇ ನಡೆಸಿಕೊಂಡು ಬಂದವಳು. ಅವಳ ಕೈಯ ಹಂಚು ಕಂಚಿನಂತೆ ಕಣಕಣ ಅನ್ನುತ್ತಿತ್ತು. ವಾಡೆಯ ಮಾಡಿಗೆಲ್ಲ ಹಂಚು ಕೊಟ್ಟ ಅವಳ ಸ್ವಂತ ಗುಡಿಸಲು ಮಾತ್ರ ಮಳೆ ಬಂದರೆ ಸೋರುತ್ತಿತ್ತು. ಅದಕ್ಕವಳು ಒಂದು ದಿನವೂ ಗೊಣಗಿದವಳಲ್ಲ. ಹೆಂಗಸಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರನ್ನೂ ಹಳ್ಳದ ಆಚೆಯ ಊರಿಗೇ ಕೊಟ್ಟಿದ್ದಳು. ಆಗ ಸಂಕಕ್ಕೆ ಮಾಡು ಇರಲಿಲ್ಲ. ಮಳೆಗೆ ತೊಯ್ದ ಮರ ಪಾಚಿ ಹಿಡಿದು, ಒಳಗೊಳಗೇ ಕೊಳೆತು, ವರ್ಷವರ್ಷವೂ ಒಬ್ಬರನ್ನಲ್ಲ ಒಬ್ಬರನ್ನು ನೀರಿಗೆ ಕೆಡವುತ್ತಿತ್ತು. ಹಿರಿಯ ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬರುವಾಗ ಅದೇ ಸಂಕದ ನಡುಮಧ್ಯ ಕಾಲು ಜಾರಿ ಹೋದಳು. ಈಚೆ ದಂಡೆಯಲ್ಲಿ ಎದುರುಗೊಳ್ಳಲು ನಿಂತ ತಾಯಿಯ ಕಣ್ಣೆದುರಿಗೇ ಹೋದಳು, ಹೊಟ್ಟೆಯಲ್ಲಿದ್ದ ಕೂಸಿನ ಸಮೇತ. ಬಾಳವ್ವ ಆ ವರ್ಷವೆಲ್ಲ ಅತ್ತಳು. ಮರುವರ್ಷ ಕಿರಿಯ ಮಗಳು ತಿರಕವ್ವ ಬಸುರಾದ ಸುದ್ದಿ ಬಂದಾಗ ಅಳುವುದನ್ನು ಬಿಟ್ಟು ಮಣ್ಣು ತುಳಿಯಲು ನಿಂತಳು. ಮುಂಗಾರು ಮುಟ್ಟುವ ಮೊದಲು ಸಂಕದ ತೊಲೆ ಹೊಸದಾಗಬೇಕು, ಮೇಲೆ ಮಾಡು ಏಳಬೇಕು, ತಿರಕವ್ವ ಒಣಗಿದ ಹಲಗೆಯ ಮೇಲೆ ಕಾಲಿಟ್ಟು ಬರಬೇಕು. ಹುಲ್ಲು ಹೊದಿಸಿದರೆ ಹಳ್ಳದ ಗಾಳಿ ಒಂದು ವಾರ ಇಡುವುದಿಲ್ಲ. ಆದ್ದರಿಂದ ಹಂಚೇ ಬೇಕೆಂದಳು. ಊರ ಬಡಿಗರು ದೇಸಾಯರ ಹೆಸರು ಹೇಳಿ ಹಿಂದೆಮುಂದೆ ನೋಡಿದರು, ಕಡೆಗೆ ಅವಳ ಮುಖ ನೋಡಿ ಉಳಿ ಹಿಡಿದರು.

ಮಾಡು ಎದ್ದು ನಿಂತ ದಿನವೇ ವಾಡೆಯ ಕಾರಭಾರಿ ಆಳುಗಳೊಡನೆ ಬಂದ. ಕುಂಬಾರತಿ ದೇಸಾಯರಿಗೆ ಸಮನಾಗಿ ಹಂಚು ಹೊದಿಸಿದಳೆಂಬ ದೂರು ಅಷ್ಟರಲ್ಲೇ ವಾಡೆ ಮುಟ್ಟಿತ್ತು.

“ಸಂಜಿ ಅನ್ನೋದ್ರಾಗ ಹಂಚು ಇಳೀಬೇಕು,” ಎಂದ.

“ನನ್ನ ಮನಿಗೆ ಹಾಕ್ಕೊಂಡಿಲ್ರಿ ಯಪ್ಪಾ, ದಾರಿಗೆ ಹಾಕೀನಿ,” ಎಂದಳು ಬಾಳವ್ವ. “ದಾರಿ ತೊಯ್ದ್ರ ನನ್ನ ಮಗಳು ಬೀಳ್ತಾಳ. ಒಬ್ಬಾಕಿನ್ನ ಕೊಟ್ಟೀನಿ, ಇನ್ನೊಬ್ಬಾಕಿನ್ನ ಕೊಡೂದಿಲ್ಲ.”

ಕಾರಭಾರಿ ಆಳುಗಳಿಗೆ ಏಣಿ ತರಲು ಹೇಳಿದ. ಅವರು ಏಣಿ ತರುವಷ್ಟರಲ್ಲಿ ಅವಳು ಒಡಕು ಹಂಚುಗಳನ್ನು ಹಲಗೆಯ ಮೇಲೆ ಹಾಸಿ, ಮೇಲೆ ದಪ್ಪಗೆ ಹಸಿಮಣ್ಣು ಮೆತ್ತಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿಬಿಟ್ಟಳು. ಈ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದ ಮಾತೊಂದಿದೆ. ಒಲೆ ಉರಿಯುವ ಸೂರನ್ನು ಯಾರೂ ಕೀಳಬಾರದು, ಕಿತ್ತವನ ಮನೆಯ ಒಲೆ ಮತ್ತೆ ಹೊತ್ತುವುದಿಲ್ಲ. ವೈರಿಯ ಮನೆಗೆ ಮುತ್ತಿಗೆ ಹಾಕಿದವರೂ ಒಲೆ ಆರುವ ತನಕ ಕಾಯುತ್ತಿದ್ದರಂತೆ. ಏಣಿ ಹೊತ್ತು ತಂದವರು ಹೊಗೆ ಕಂಡು ಏಣಿಯನ್ನು ಕೆಳಗಿಟ್ಟರು.

ದೇಸಾಯರು ಈ ಸುದ್ದಿ ಕೇಳಿ ನಕ್ಕರಂತೆ. ಒಂಟಿ ಹೆಂಗಸು ಎಷ್ಟು ದಿನ ಒಲೆ ಕಾಯ್ದಾಳು, ನಿದ್ದೆ ಬರುವುದಿಲ್ಲವೇ, ಕಟ್ಟಿಗೆ ತೀರುವುದಿಲ್ಲವೇ ಎಂದು ಲೆಕ್ಕ ಹಾಕಿ, ಸಂಕಕ್ಕೆ ಕಾವಲು ಹಾಕಿಸಿದರು. ಯಾರೂ ಅವಳಿಗೆ ಕಟ್ಟಿಗೆ ಕೊಡಕೂಡದು, ಒಲೆ ಆರಿದ ಗಳಿಗೆಗೆ ಹಂಚು ಇಳಿಯಬೇಕು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಬಾಳವ್ವನ ಕಟ್ಟಿಗೆ ಮುಗಿಯಿತು. ಸೊಂಟದ ಬುಟ್ಟಿ ಮುರಿದು ಒಲೆಗಿಟ್ಟಳು, ಮಣ್ಣು ಬಡಿಯುವ ಹಲಗೆ ಇಟ್ಟಳು, ಕಡೆಗೆ ಗಂಡ ಮಾಡಿಕೊಟ್ಟಿದ್ದ ತಿಗರಿಯನ್ನೂ ಕೊಡಲಿಗೆ ಕೊಟ್ಟಳು. ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು. ಆದರೆ ಒಳಗೆ ಅವಳ ಜೀವ ಹಿಡಿಯಷ್ಟಾಗಿತ್ತು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು, ತಿರಕವ್ವ ಇನ್ನೂ ಬಂದಿರಲಿಲ್ಲ.

ಆಗ ಊರ ಕಡೆಯಿಂದ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಒಬ್ಬ ಮುದುಕಿ ಬಂದಳು. ಅವಳು ಕೆಂಚವ್ವ, ಕಾವಲಿಗೆ ನಿಂತಿದ್ದ ವಾಲೀಕಾರ ದ್ಯಾಮಪ್ಪನ ಹೆತ್ತ ತಾಯಿ. ಮಗ ಕೋಲು ಅಡ್ಡ ಹಿಡಿದ.

“ಯವ್ವಾ, ದೇಸಾಯರ ಅಪ್ಪಣಿ ಐತಿ.”

“ಇರಲೇಳು. ಮನ್ಯಾಗಿನ ಒಲಿಗೆ ನೀರು ಸುರುವಿ ಬಂದೀನಿ. ನಿನಗ ರೊಟ್ಟಿ ಬೇಕಾದ್ರ ಇಲ್ಲೇ ಬಡೀತೀನಿ, ಬ್ಯಾಡಾದ್ರ ನಿನ್ನ ಕೋಲನ ತಿನ್ನು.”

ಅವಳ ಹಿಂದೆ ನೋಡುತ್ತಾನೆ, ಊರ ಹೆಂಗಸರೆಲ್ಲ ಬರುತ್ತಿದ್ದಾರೆ. ಹಿಟ್ಟಿನ ಬುಟ್ಟಿ ಹೊತ್ತವರು, ರೊಟ್ಟಿಹಂಚು, ಹಿಟ್ಟು ನಾದುವ ಕೊಣಮಿಗೆ ಹಿಡಿದವರು, ಒಲೆಗೆ ಸಗಣಿಯ ಕುಳ್ಳು ತುಂಬಿಕೊಂಡವರು. ಒಬ್ಬೊಬ್ಬರೂ ತಂತಮ್ಮ ಮನೆಯ ಒಲೆ ಆರಿಸಿಯೇ ಹೊರಟಿದ್ದರು. ಕಡಬಗೇರಿಯಲ್ಲಿ ಆ ದಿನ ಹೊಗೆ ಎದ್ದದ್ದು ಸಂಕದ ಮೇಲೆ ಮಾತ್ರ. ವಾಡೆಯ ಅಡುಗೆಯವಳು ಸಹ ಸೌಟು ಸೆರಗಿಗೆ ಸಿಕ್ಕಿಸಿಕೊಂಡು ಬಂದಿದ್ದಳು. ಈಗ ಆ ಮಾಡು ಕೀಳುವುದೆಂದರೆ ಇಡೀ ಊರಿನ ಒಲೆಯ ಮೇಲಿನ ಸೂರು ಕೀಳುವುದೆಂದಾಯಿತು. ಹಸಿದ ಆಳುಗಳು ಒಬ್ಬೊಬ್ಬರಾಗಿ ಕೋಲು ಮೂಲೆಗಿಟ್ಟು ಪಂಕ್ತಿಗೆ ಕೂತರು. ದ್ಯಾಮಪ್ಪ ಮೊದಲಿಗ. ದೇಸಾಯರು ಎರಡು ದಿನ ಬಾಳೆಹಣ್ಣು ತಿಂದು ಕಳೆದರು. ಮೂರನೆಯ ದಿನ ವಾಡೆಯಿಂದ ಖಾಲಿ ತಳಿಗೆ ಬಂತು, ಕಾರಭಾರಿಯೇ ಹಿಡಿದುಕೊಂಡು. ಬಾಳವ್ವ ಒಂದು ಮಾತೂ ಕುಟುಕದೆ ಅದರ ತುಂಬ ಬಿಸಿ ರೊಟ್ಟಿ ಇಟ್ಟು ಕಳಿಸಿದಳು. ಹಂಚಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ತಿರಕವ್ವ ಬಂದದ್ದು ಹಳ್ಳ ದಂಡೆ ತುಂಬಿ ಹರಿಯುವ ಹೊತ್ತಿಗೆ. ಮಾಡಿನ ಮೇಲೆ ಮಳೆ ಜಡಿಯುತ್ತಿತ್ತು, ಕೆಳಗೆ ನೀರು ಬೊಬ್ಬೆ ಹಾಕುತ್ತಿತ್ತು, ಹುಡುಗಿ ಆಚೆ ದಂಡೆಯಲ್ಲಿ ಗಾಡಿಯಿಂದಿಳಿದು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಒಣಗಿದ ಹಲಗೆಯ ಮೇಲೆ ನಡೆದು ಬಂದಳು. ಬಾಳವ್ವ ಎದ್ದು ಓಡಲಿಲ್ಲ. ಕೂತಲ್ಲಿಂದಲೇ ಒಲೆಗೆ ಇನ್ನೊಂದು ಕುಳ್ಳು ಒಟ್ಟಿದಳು. ಮಗಳು ಹತ್ತಿರ ಬಂದು ಕೂತ ಮೇಲೆ ಅವಳ ಪಾದಗಳನ್ನು ಮುಟ್ಟಿ ಮುಟ್ಟಿ ನೋಡಿ, ಒಣಗಿವೆ ಎಂಬುದು ಖಾತ್ರಿಯಾದ ಮೇಲೆ ಬೋರೆಂದು ಅತ್ತಳು.

ಈಗ ಸಂಕದಿಂದ ಸ್ವಲ್ಪ ಕೆಳಗೆ ಹಳ್ಳಕ್ಕೆ ಕಾಂಕ್ರೀಟು ಸೇತುವೆಯಾಗಿದೆ. ಆದರೂ ಬಾಣಂತನಕ್ಕೆ ಬರುವ ಊರ ಹೆಣ್ಣುಮಕ್ಕಳು ಆಚೆ ದಂಡೆಯಲ್ಲೇ ಕಾರಿನಿಂದಿಳಿದು ಸಂಕದ ಮೇಲೆ ನಡೆದು ಬರುತ್ತಾರೆ. ಮಳೆಗಾಲ ಹಿಡಿದಾಗ ಹೆಂಗಸರು ಸರದಿಯ ಮೇಲೆ ಅಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಯಾವುದೋ ಇಲಾಖೆಯವರು ಬಂದು, ಪುರಾತನ ಮರ, ಇಲ್ಲಿ ಬೆಂಕಿ ಹಚ್ಚುವುದು ನಿಷಿದ್ಧ ಎಂದು ಒಲೆಯ ನೆತ್ತಿಯ ಮೇಲೆಯೇ ಬೋರ್ಡು ಹೊಡೆದು ಹೋದರು. ಹೆಂಗಸರು ಅದನ್ನು ಓದಿಸಿ ಕೇಳಿಕೊಂಡರು, ಆಗಲಿ ಅಂದರು. ಬೋರ್ಡನ್ನು ಯಾರೂ ಕಿತ್ತಿಲ್ಲ. ಬಂದವರು ಈಗಲೂ ನೋಡಬಹುದು. ಹೊಗೆ ಹಿಡಿದು ಕಪ್ಪಾಗಿ ಅಕ್ಷರ ಒಂದೂ ಕಾಣುವುದಿಲ್ಲ.