ಭಾರವನ್ನು ಕೇಳುವ ಮಂಡಿ

ಚಕ್ಕಂಬಟ್ಟಲೆ ಹಾಕಿ ಹತ್ತಿರ ಕೂತ್ಕೊಳ್ರಪ್ಪ, ಇದನ್ನ ಕೇಳಿ. ದೇವೀರಮ್ಮನ ಒಂದು ಕಾಲನ್ನು ತೊಡೆಯವರೆಗೂ ತೆಗೆದಿದ್ದರು. ಹನ್ನೆರಡು ವರ್ಷ ಅವಳನ್ನು ಹೊತ್ತದ್ದು ಒಂದು ಮರದ ಕಾಲು. ಆಸ್ಪತ್ರೆಯವರು ಒಳಗೆ ಪುಟ್ಟ ಕಂಪ್ಯೂಟರ್ ಇರುವ, ಮಂಡಿ ಬಾಗುವ ಹೊಸ ಕಾಲು ಕೊಟ್ಟ ದಿನ ಮರದ ಕಾಲು ಬಾಗಿಲ ಮೂಲೆ ಸೇರಿತು.

"ಏನೋ, ಹೆಜ್ಜೆಹೆಜ್ಜೆಗೂ ಬಾಗ್ತೀಯಂತೆ? ನಾನು ಯಾರಿಗೂ ಬಾಗಿದವನಲ್ಲ," ಎಂದು ಮರದ ಕಾಲು ಹಂಗಿಸಿತು.

"ಹೌದಣ್ಣ, ಅದಕ್ಕೇ ದೇವೀರಮ್ಮ ಎಷ್ಟು ಸಲ ಬಿದ್ದಳೋ! ಬಿದ್ದೇನೆಂಬ ಭಯಕ್ಕೆ ಈಗಷ್ಟೇ ಹುಟ್ಟಿದ ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ," ಎಂದಿತು ಮಂಡಿ.

ತೊಟ್ಟಿಲಿಗೆ ಹಾಕುವ ದಿನ ದೇವೀರಮ್ಮ ಧೈರ್ಯ ಮಾಡಿ ಕೂಸನ್ನು ಎತ್ತಿಕೊಂಡಳು. ಅರಿಶಿನ ಹಚ್ಚಿದ ಹೊಸ್ತಿಲು ತುಳಿಯಬಾರದೆಂದು ಹೆಜ್ಜೆ ದೊಡ್ಡದಾಗಿ ಹಾಕಿದಳು. ಹೊಸ ಕಾಲಿನ ತುದಿ ಹೊಸ್ತಿಲಿಗೇ ತಗುಲಿ ಮೈ ಮುಂದಕ್ಕೆ ವಾಲಿತು. 'ಮುಗೀತು!' ಅಂದುಕೊಂಡಿತು ಮರದ ಕಾಲು. ಅವಳು "ಅಯ್ಯೋ" ಅನ್ನುವ ಮೊದಲೇ ಮಂಡಿ ಬಿಗಿಯಾಗಿ ನಿಂತುಬಿಟ್ಟಿತು. ಕೂಸಿನ ನಿದ್ದೆಯೂ ಕೆಡಲಿಲ್ಲ.

"ಅವಳಿಗೇ ತಿಳಿಯುವ ಮುಂಚೆ ನಿನಗೆ ಹೇಗಪ್ಪಾ ತಿಳಿಯಿತು?" ಎಂದು ಮರದ ಕಾಲು ಕೇಳಿತು.

"ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಸಲ ಅವಳ ಭಾರವನ್ನೇ ಕೇಳ್ತೀನಣ್ಣ, ಬಾಗಲೋ, ನಿಲ್ಲಲೋ ಅಂತ."

"ಹನ್ನೆರಡು ವರ್ಷ ಹೊತ್ತೆ, ಒಂದು ಸಲವೂ ಕೇಳಲಿಲ್ಲವಲ್ಲೋ ನಾನು!" ಎಂದು ಮರದ ಕಾಲು ಬೆರಗಾಯಿತು.

ಆಮೇಲೆ ಅದು ಹಿತ್ತಲ ಅವರೆ ಬಳ್ಳಿಗೆ ಆಸರೆಯಾಗಿ ನಿಂತಿತು. ಮಂಡಿ ಇವತ್ತಿಗೂ ಕೇಳುತ್ತಲೇ ನಡೆಯುತ್ತಿದೆ. ಕೂಸು ಬೆಳೆದು ಓಡುವಂತಾಯಿತು, ದೇವೀರಮ್ಮ ಅನ್ನದ ಬಟ್ಟಲು ಹಿಡಿದು ಬೈಯುತ್ತಾ ಅದರ ಹಿಂದೆಯೇ ನಡೆದಳು.