ಇಂಗಿನ ಪಕ್ಕದ ಹುಲ್ಲು

"ಗುರುಗಳೇ, ಜನಕ್ಕೆ ಒಳ್ಳೆಯದರ ರುಚಿ ಹತ್ತಿಸುವುದು ಹೇಗೆ?"

ಕೇಳಿದವನು ಮಡಿವಾಳಯ್ಯ. ಮಠದಲ್ಲಿ ಪ್ರತಿ ಶುಕ್ರವಾರ ಸಂಜೆ ಪ್ರವಚನ ಹೇಳುವುದು ಅವನ ಕೆಲಸ. ಮೊದಲು ಒಂದು ನಗೆಯ ಕತೆ ಹೇಳುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ನೋಟುಬುಕ್ಕು ತೆರೆದು ತತ್ವ ಓದುತ್ತಿದ್ದ. ಅಷ್ಟು ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿದ್ದರು.

"ಆ ನೋಟುಬುಕ್ಕು ಯಾವಾಗ ಬರೆದದ್ದು?" ಎಂದರು ಗುರುಗಳು.

"ಮೂರು ವರ್ಷವಾಯಿತು. ನಿಮ್ಮ ಮಾತುಗಳನ್ನೇ ಒಂದು ಬೇಸಿಗೆಯಲ್ಲಿ ಕೂತು ಒಟ್ಟಿಗೆ ಬರೆದಿಟ್ಟುಕೊಂಡೆ. ಸದ್ಯಕ್ಕೆ ಮುಗಿಯುವುದಿಲ್ಲ."

"ಸರಿ. ಒಬ್ಬ ವ್ಯಾಪಾರಿಯ ವಿಷಯ ಹೇಳುತ್ತೇನೆ, ಕೇಳು" ಎಂದರು ಗುರುಗಳು.

ಒಬ್ಬ ವ್ಯಾಪಾರಿ ಇದ್ದ. ದ್ರಾಕ್ಷಿ, ಖರ್ಜೂರ, ಬಾದಾಮಿ, ಜೊತೆಗೆ ಇಂಗು, ಮೆಣಸು ಮಾರುತ್ತಿದ್ದ. ಪೇಟೆಯಲ್ಲಿ ಮೂವತ್ತು ವರ್ಷ ಕೂತವನು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ, ಇವನು ಕೊಳ್ಳಲು ಬಂದವನೋ ಹೊತ್ತು ಕಳೆಯಲು ಬಂದವನೋ ಎಂದು ಹೇಳಬಲ್ಲವನು. ಅವನ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಹೊಸ ಚೀಲ ಬಿಚ್ಚಿದಾಗ ಮೊದಲ ಹಣ್ಣನ್ನು ಗಿರಾಕಿಯ ಎದುರಿಗೇ ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಿಧಾನವಾಗಿ ಜಗಿಯುತ್ತಿದ್ದ. ಆಮೇಲೆ ಅಂಗೈ ಚಾಚುತ್ತಿದ್ದ. ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ.

ಅವನ ಮನೆಯಲ್ಲಿ ಒಂದು ಚಿಂಚಿಲ್ಲಾ ಇತ್ತು.

"ಅದೇನು ಗುರುಗಳೇ?"

"ಇಲಿಯ ಜಾತಿಯದು, ಆದರೆ ಮೊಲಕ್ಕಿಂತ ಮೆತ್ತಗೆ. ದೂರದ ತಂಪು ಬೆಟ್ಟಗಳ ಪ್ರಾಣಿ. ನೀರಿನಲ್ಲಿ ಸ್ನಾನ ಮಾಡುವುದಿಲ್ಲ, ನುಣ್ಣನೆಯ ಪುಡಿಯಲ್ಲಿ ಹೊರಳುತ್ತದೆ. ಅದಕ್ಕೇ ಆ ಮನೆಯವರು ಅದಕ್ಕೆ ಭಸ್ಮ ಎಂದು ಹೆಸರಿಟ್ಟಿದ್ದರು."

"ಹಾಗಾದರೆ ನಮ್ಮ ಪೈಕಿಯೇ" ಎಂದು ಮಡಿವಾಳಯ್ಯ ನಕ್ಕ.

"ನಿನಗಿಂತ ನಿಷ್ಠೆ ಹೆಚ್ಚು. ಹೊತ್ತಿಗೆ ಸರಿಯಾಗಿ ಹೊರಳುತ್ತಿತ್ತು. ಮುಂದೆ ಕೇಳು."

ಮಹಡಿಯ ಮೇಲೆ ಬಾಡಿಗೆಗಿದ್ದವರು ಊರು ಬಿಡುವಾಗ ಆ ಪ್ರಾಣಿಯನ್ನು ವ್ಯಾಪಾರಿಯ ಹೆಂಡತಿಗೆ ಕೊಟ್ಟುಹೋಗಿದ್ದರು. ಆರು ವರ್ಷದಿಂದ ಅದು ಅವಳ ಜೀವ. ಅವಳು ನಡೆದ ಕಡೆಗೆ ಅದರ ಕಿವಿ ತಿರುಗುತ್ತಿತ್ತು. ವ್ಯಾಪಾರಿಗೆ ಅದರ ಮೇಲೆ ದ್ವೇಷವಿರಲಿಲ್ಲ, ಲೆಕ್ಕಕ್ಕೂ ಇರಲಿಲ್ಲ. ಮನೆಯಲ್ಲಿ ಒಂದು ಮೂಲೆ ಅದರದು, ಅಷ್ಟೆ.

ಮಗಳ ಬಾಣಂತನಕ್ಕೆಂದು ಹೆಂಡತಿ ಹೊರಟು ನಿಂತಳು. ಮೂರು ತಿಂಗಳ ಮಾತು. ಹೊರಡುವಾಗ ಗಂಡನಿಗೆ ಒಂದೇ ಕೆಲಸ ಹೇಳಿದಳು.

"ನಿಮ್ಮ ಊಟ ನೀವು ನೋಡ್ಕೋತೀರಿ, ನಂಗೊತ್ತು. ಭಸ್ಮನಿಗೆ ಹುಲ್ಲು ಮಾತ್ರ ತಪ್ಪಿಸಬೇಡಿ. ಹಾಲಿನ ಗೌರಮ್ಮ ನೆರಳಲ್ಲಿ ಒಣಗಿಸಿದ ಹುಲ್ಲು ವಾರಕ್ಕೊಂದು ಹೊರೆ ಕೊಡ್ತಾಳೆ. ಹೋಗಿ ತನ್ನಿ. ಅವನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ. ಹುಲ್ಲು ಜಗಿದರೇ ಸವೆಯೋದು."

"ಒಂದು ಇಲಿ ಸಾಕೋದಕ್ಕೆ ಇಷ್ಟು ಪಾಠ ಬೇಡ ಕಣೇ. ನೀನು ಬಿಟ್ಟುಹೋದ ಹಾಗೇ ನಿನ್ನ ಕೈಗೆ ಕೊಡ್ತೀನಿ" ಎಂದ ಅವನು.

ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ. ಆದರೆ ವಾರಕ್ಕೊಂದು ಹೊರೆ ಹೊತ್ತು ತರುವುದು ಅವನಿಗೆ ಚಿಲ್ಲರೆ ಕೆಲಸವಾಗಿ ಕಂಡಿತು. ಬೇಕಾದ ಸರಕನ್ನು ಒಂದೇ ಸಲ ತಂದು ಕೂಡಿಹಾಕುವುದು ಅವನ ಕಸುಬಿನ ರೀತಿ. ಗೌರಮ್ಮನಿಂದ ಮೂರು ತಿಂಗಳಿಗಾಗುವಷ್ಟು ಹುಲ್ಲನ್ನು ಒಂದೇ ದಿನ ಗಾಡಿಯಲ್ಲಿ ತರಿಸಿದ. ಗೋಣಿಗೆ ತುಂಬಿಸಿ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಇಡಿಸಿದ. ದಿನಾ ಮನೆಗೆ ಹೋಗುವಾಗ ಒಂದು ಹಿಡಿ ಒಯ್ದು, ಗೂಡಿನ ಬಾಗಿಲು ತೆಗೆದು, ಒಳಗೆ ಎಸೆದು ಬರುತ್ತಿದ್ದ.

ಭಸ್ಮ ಹುಲ್ಲಿನ ಹತ್ತಿರ ಬಂತು. ಮೂಸಿತು. ಹಿಂದಕ್ಕೆ ಹೋಗಿ ಬಾಗಿಲ ಕಡೆ ಮುಖ ಮಾಡಿ ಕೂತಿತು. ಎರಡನೆಯ ದಿನವೂ ಹಾಗೇ.

ಅವಳನ್ನು ಕಾಯುತ್ತಿದೆ ಎಂದುಕೊಂಡ ವ್ಯಾಪಾರಿ. ಅವನ ಮನಸ್ಸು ಸ್ವಲ್ಪ ಕರಗಿತು. ಜೇಬಿನಲ್ಲಿ ಒಂದು ಒಣದ್ರಾಕ್ಷಿ ಇತ್ತು. ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನು ಅಂಗೈ ಮೇಲಿಟ್ಟು ಚಾಚಿದ. ಭಸ್ಮ ಬಂದು ಎರಡು ಮುಂಗಾಲುಗಳಲ್ಲಿ ಅದನ್ನು ಎತ್ತಿಕೊಂಡು ತಿಂದಿತು. ಅದರ ಮೀಸೆ ಅವನ ಬೆರಳಿಗೆ ತಾಗಿತು. ವ್ಯಾಪಾರಿಗೆ ಇದು ಹೊಸದು. ಮರುದಿನ ಎರಡು ದ್ರಾಕ್ಷಿ ಒಯ್ದ. ಆಮೇಲೆ ನಾಲ್ಕು, ಆಮೇಲೆ ಹಿಡಿ ತುಂಬ.

ಹೆಂಡತಿ ಫೋನು ಮಾಡುತ್ತಿದ್ದಳು. "ಭಸ್ಮ ಹುಲ್ಲು ತಿಂದನಾ?"

"ತಿಂದ."

"ಎಷ್ಟು?"

"ಹೊಟ್ಟೆ ತುಂಬ."

"ನಿಮ್ಮ ದನಿ ಯಾಕೋ ಗಿರಾಕಿ ಹತ್ತಿರ ಮಾತಾಡಿದ ಹಾಗಿದೆ."

ಅವನು ಮಾತು ಬದಲಿಸಿ ಮೊಮ್ಮಗುವಿನ ವಿಷಯ ತೆಗೆದ.

ಮೂರನೆಯ ವಾರ ಭಸ್ಮನ ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿತ್ತು. ದ್ರಾಕ್ಷಿಯನ್ನು ಕೈಯಲ್ಲಿ ಹಿಡಿಯಿತು, ಬಾಯಿಗೆ ಇಟ್ಟುಕೊಂಡಿತು, ಬಿಟ್ಟಿತು. ವ್ಯಾಪಾರಿ ಅಂಗಡಿಗೆ ಬೀಗ ಹಾಕಿಸಿ ಅದನ್ನು ಪಶುವೈದ್ಯರ ಬಳಿಗೆ ಒಯ್ದ.

ವೈದ್ಯರು ಬಾಯಿ ಬಿಡಿಸಿ ನೋಡಿದರು. "ಹಿಂದಿನ ಹಲ್ಲುಗಳು ಚೂಪಾಗಿವೆ. ಈ ಸಲ ನಾನು ಉಜ್ಜಿ ಕೊಡುತ್ತೇನೆ. ಪದೇಪದೇ ಉಜ್ಜುವ ಶಕ್ತಿ ಇದರ ಮೈಯಲ್ಲಿ ಇಲ್ಲ. ಇದು ಹುಲ್ಲು ತಿನ್ನಬೇಕು. ದ್ರಾಕ್ಷಿ ನಿಲ್ಲಿಸಿ."

"ಹುಲ್ಲೊಂದನ್ನೇ ಮುಂದಿಟ್ಟು ಸುಮ್ಮನಿದ್ದರೆ ಹಸಿದು ತಿನ್ನುವುದಿಲ್ಲವೇ ಡಾಕ್ಟ್ರೇ?"

"ತಿನ್ನದೆ ಹೋದರೆ? ಈಗಿನ ಸ್ಥಿತಿಯಲ್ಲಿ ಒಂದು ದಿನ ಹೊಟ್ಟೆ ಖಾಲಿ ಬಿದ್ದರೂ ಇದರ ಪ್ರಾಣಕ್ಕೆ ಅಪಾಯ. ಹಟ ಹಿಡಿಯುವ ಹಾಗಿಲ್ಲ, ಮುದ್ದು ಮಾಡುವ ಹಾಗೂ ಇಲ್ಲ." ಹಿಟ್ಟಿನಂಥ ಒಂದು ಮೇವು ಕೊಟ್ಟು, ನೀರಲ್ಲಿ ಕಲಸಿ ತಿನ್ನಿಸುತ್ತಿರಿ, ಹತ್ತು ದಿನ ಬಿಟ್ಟು ಬನ್ನಿ ಎಂದರು.

ಅಂದಿನಿಂದ ವ್ಯಾಪಾರಿ ಹೊತ್ತುಹೊತ್ತಿಗೆ ಮೇವು ಕಲಸಿ ಚಮಚದಲ್ಲಿ ತಿನ್ನಿಸಿದ. ಜೀವ ಉಳಿಯಿತು. ಆದರೆ ಹುಲ್ಲನ್ನು ಮಾತ್ರ ಅದು ಮುಟ್ಟಲಿಲ್ಲ. ಅವನು ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದ. ಹುಲ್ಲನ್ನು ಸಣ್ಣಗೆ ಕತ್ತರಿಸಿದ. ಬುಟ್ಟಿಯಲ್ಲಿಟ್ಟ. ಕಟ್ಟು ಕಟ್ಟಿ ತೂಗುಹಾಕಿದ. ತೂಕ ಮುಗಿದ ಮೇಲೆ ಗಿರಾಕಿಗೆ ಕೊಸರು ಕೊಡುವಂತೆ, ಮೊದಲು ಒಂದು ಎಳೆ ಹುಲ್ಲು, ಆಮೇಲೆ ದ್ರಾಕ್ಷಿಯ ಒಂದು ಚೂರು ಎಂದು ಕರಾರು ಮಾಡಿದ. ಭಸ್ಮ ಎರಡನ್ನೂ ಬಿಟ್ಟು ಬೆನ್ನು ತಿರುಗಿಸಿತು. ಮೂವತ್ತು ವರ್ಷದಲ್ಲಿ ಅಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಬೈಯಲು ಬಾಯಿ ತೆರೆದ. ಅದರ ಬೆನ್ನೆಲುಬು ಕೂದಲಿನ ಕೆಳಗೆ ಎಣಿಸುವ ಹಾಗೆ ಕಾಣುತ್ತಿತ್ತು. ಬೈಗುಳ ಬಿಟ್ಟು ಮತ್ತೆ ಮೇವು ಕಲಸಿದ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಖರ್ಜೂರದ ಹೊಸ ಚೀಲ ಬಿಚ್ಚಿದ. ಎದುರಿಗೆ ಹಳೆಯ ಗಿರಾಕಿ, ಒಬ್ಬ ಮುದುಕಿ. ಅವನ ಮನಸ್ಸು ಗೂಡಿನ ಹತ್ತಿರ ಇತ್ತು. ಒಂದು ಖರ್ಜೂರ ತೆಗೆದು ಸೀದಾ ಅವಳ ಮುಂದೆ ಹಿಡಿದ.

ಮುದುಕಿ ಮುಟ್ಟಲಿಲ್ಲ. "ಏನ್ ಶೆಟ್ಟರೇ, ಇವತ್ತು ನೀವು ತಿನ್ನಲಿಲ್ಲ? ಹುಳ ಇದೆಯಾ ಹೆಂಗೆ?"

"ಛೇ, ಒಳ್ಳೆ ಮಾಲು ಅಜ್ಜಿ."

"ಒಳ್ಳೆ ಮಾಲಾದ್ರೆ ನೀವ್ಯಾಕೆ ಬಾಯಿಗೆ ಹಾಕಿಲ್ಲ? ನಿಮ್ಮಪ್ಪನೂ ಹಿಂಗೆ ಕೈ ಚಾಚಿದ್ದು ನಾ ಕಾಣೆ. ನೀವು ತಿನ್ನದ್ದು ನಂಗೂ ಬೇಡ."

ವ್ಯಾಪಾರಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. ಅರ್ಧ ಜಗಿದವನು ಹಾಗೇ ನಿಂತುಬಿಟ್ಟ. ಮುದುಕಿಗೆ ತೂಗಿ ಕೊಟ್ಟು ಕಳಿಸಿ, ಉಗ್ರಾಣಕ್ಕೆ ಹೋದ. ಗೋಣಿಯಿಂದ ಒಂದು ಎಳೆ ಹುಲ್ಲು ಎಳೆದು ಬಾಯಿಗೆ ಇಟ್ಟು ಜಗಿದ.

ಥೂ ಎಂದು ಉಗಿದ.

ಹುಲ್ಲಿನಲ್ಲಿ ಹುಲ್ಲಿನ ರುಚಿಯೇ ಇರಲಿಲ್ಲ. ಇಂಗಿನ ರುಚಿಯಿತ್ತು, ಗೋಣಿಯ ಧೂಳಿತ್ತು. ಗೋಣಿಗಳ ಪಕ್ಕದಲ್ಲೇ ಇಂಗಿನ ಡಬ್ಬಗಳು ಸಾಲಾಗಿ ಕೂತಿದ್ದವು. ದ್ರಾಕ್ಷಿಯ ಚೀಲವನ್ನು ಆ ಮೂಲೆಗೆ ಯಾರಾದರೂ ಇಟ್ಟಿದ್ದರೆ ಅವನು ಅವರನ್ನು ಅಂಗಡಿಯಿಂದ ಹೊರಗೆ ಕಳಿಸುತ್ತಿದ್ದ. ಹುಲ್ಲು ತಾನೇ ಎಂದು ಸ್ವತಃ ನಿಂತು ಇಡಿಸಿದ್ದ. ಮೂರು ವಾರಕ್ಕೂ ಮೇಲೆ ಅದನ್ನೇ ಎಸೆದು, ತಿನ್ನು ಎನ್ನುತ್ತಿದ್ದ. ಭಸ್ಮ ಮೂಸಿದ್ದನ್ನು ಇವನು ಮೂಸಿರಲಿಲ್ಲ.

ಬಾಯಿ ತೊಳೆಯಲಿಲ್ಲ. ಹಾಗೇ ಗೌರಮ್ಮನ ಕೊಟ್ಟಿಗೆಗೆ ನಡೆದ. ಅಟ್ಟದ ಮೇಲಿನ ಹುಲ್ಲಿನಿಂದ ಎಳೆ ಎಳೆದು ಜಗಿದು ನೋಡತೊಡಗಿದ.

"ಅಯ್ಯೋ ಶೆಟ್ಟರೇ, ಅಮ್ಮಾವ್ರು ಊರಿಗೆ ಹೋಗಿ ತಿಂಗಳಾಗಿಲ್ಲ, ಆಗಲೇ ಈ ಗತಿಗೆ ಬಂದ್ರಾ?" ಎಂದಳು ಗೌರಮ್ಮ.

"ಸುಮ್ನಿರಮ್ಮ. ಈ ಕಟ್ಟು ಕಹಿ, ಆ ಕಟ್ಟು ಸಿಹಿ. ಆ ಕಡೆಯದು ಕೊಡು. ಒಂದು ಹೊರೆ ಸಾಕು. ವಾರ ಬಿಟ್ಟು ಮತ್ತೆ ಬರ್ತೀನಿ."

ಮನೆಗೆ ಬಂದು ಗೂಡಿನ ಬಾಗಿಲು ತೆಗೆದ. ಹುಲ್ಲನ್ನು ಎಸೆಯಲಿಲ್ಲ. ಗೂಡಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಒಂದು ಎಳೆ ಬಾಯಿಗೆ ಇಟ್ಟುಕೊಂಡು ಗಿರಾಕಿಯ ಎದುರಿಗೆ ಜಗಿಯುವ ಹಾಗೆ ನಿಧಾನವಾಗಿ ಜಗಿದ. ಇನ್ನೊಂದು ಎಳೆಯನ್ನು ಅಂಗೈ ಮೇಲೆ ಇಟ್ಟುಕೊಂಡ.

ಬಹಳ ಹೊತ್ತು ಭಸ್ಮ ಕದಲಲಿಲ್ಲ. ಆಮೇಲೆ ಒಂದು ಕಿವಿ ತಿರುಗಿತು. ಎದ್ದು ಬಂತು. ಅಂಗೈ ಮೇಲಿನ ಎಳೆಯನ್ನು ಮೂಸಿತು. ಅದನ್ನು ಬಿಟ್ಟು ಅವನ ತೊಡೆ ಹತ್ತಿ, ಎದೆಗೆ ಕಾಲುಕೊಟ್ಟು ನಿಂತು, ಅವನ ಬಾಯಿಂದ ಹೊರಗೆ ಚಾಚಿದ್ದ ಎಳೆಯ ತುದಿಯನ್ನು ಕಚ್ಚಿತು. ಕರಕರ ಎಂದು ಜಗಿಯಿತು. ವ್ಯಾಪಾರಿ ಉಸಿರು ಬಿಗಿಹಿಡಿದು ಕೂತ. ಎಳೆ ಗಿಡ್ಡವಾಗುತ್ತಾ ಬಂತು. ಮೀಸೆ ಅವನ ತುಟಿಗೆ ತಾಗಿದಾಗ ಅವನು ಎಳೆಯನ್ನು ಬಿಟ್ಟುಕೊಟ್ಟ.

ಆ ದಿನ ತಿಂದದ್ದು ಐದು ಎಳೆ. ಮರುದಿನ ಅರ್ಧ ಹಿಡಿ. ಚಮಚದ ಮೇವನ್ನು ಅವನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದ. ವೈದ್ಯರು ಹೇಳಿದ್ದ ದಿನ ಮತ್ತೆ ಒಯ್ದಾಗ ಅವರು ಬಾಯಿ ನೋಡಿ, ಹಲ್ಲು ಸರಿಯಿದೆ, ಹೀಗೇ ನಡೆಸಿ ಎಂದರು. ಅಷ್ಟಾದರೂ ವ್ಯಾಪಾರಿ ಸಂಜೆ ಬಂದು ಗೂಡಿನ ಮುಂದೆ ಕೂರುವುದನ್ನು ಬಿಡಲಿಲ್ಲ. ಅಗತ್ಯವಿರಲಿಲ್ಲ. ಕೂರುತ್ತಿದ್ದ.

ಮೂರು ತಿಂಗಳು ಮುಗಿದು ಹೆಂಡತಿ ಬಂದಳು. ಗೂಡಿನ ಮುಂದೆ ಗಂಡ ಕೂತಿದ್ದ. ಅವನ ತೊಡೆಯ ಮೇಲೆ ಭಸ್ಮ ಇತ್ತು. ಅವಳ ಹೆಜ್ಜೆಗೆ ಎರಡೂ ತಲೆಗಳು ತಿರುಗಿದವು. ಅವಳು ಮೊದಲು ಪ್ರಾಣಿಯ ಗಲ್ಲ ಮುಟ್ಟಿ ನೋಡಿದಳು. ಒಣಗಿತ್ತು. ಆಮೇಲೆ ಗಂಡನ ಮುಖ ನೋಡಿದಳು.

"ಇದೇನ್ರೀ ಬಾಯಲ್ಲಿ?"

"ಮಾದರಿ" ಎಂದ ಅವನು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖ ಅರಳಿತ್ತು.

"ಚೆನ್ನಾಗಿದೆ ಗುರುಗಳೇ. ಬರುವ ಶುಕ್ರವಾರ ಇದನ್ನೇ ಹೇಳುತ್ತೇನೆ. ಜನ ನಗುತ್ತಾರೆ. ಆಮೇಲೆ ತತ್ವಕ್ಕೆ ಬರುತ್ತೇನೆ" ಎಂದು ಪಕ್ಕದಲ್ಲಿದ್ದ ನೋಟುಬುಕ್ಕು ಎತ್ತಿಕೊಂಡ.

"ಕೂತುಕೋ" ಎಂದರು ಗುರುಗಳು. "ಅದರಿಂದ ಒಂದು ಎಳೆ ತೆಗೆದು, ಮೊದಲು ನನ್ನೆದುರಿಗೆ ನೀನು ಜಗಿ."

ಮಡಿವಾಳಯ್ಯ ನೋಟುಬುಕ್ಕು ತೆರೆದ. ಮೊದಲ ಪುಟದಲ್ಲೇ ಅವನ ಕಣ್ಣು ನಿಂತಿತು. "ಇದರಲ್ಲಿ ಒಂದನ್ನೂ ನಾನು ಬಾಯಿಗೆ ಇಟ್ಟು ನೋಡಿಲ್ಲ ಗುರುಗಳೇ" ಎಂದ.