ಮಿತಿ ಮೀರಿದ ಐದು ಸುದ್ದಿ

ಹೊಳೆಯಾಚೆಯ ತಂಗಿಗೆ ತಿಂಗಳಿಗೆ ಇಪ್ಪತ್ತು ಸುದ್ದಿ ಮುಟ್ಟಿಸಲು ಅಳಿಲು ಹತ್ತು ಕಡಲೆಕಾಯಿಗೆ ಕಾಗೆಯೊಡನೆ ಕರಾರು ಮಾಡಿಕೊಂಡಿತ್ತು. ತಂಗಿಗೆ ಹೆರಿಗೆಯಾದ ತಿಂಗಳು ಸುದ್ದಿ ಇಪ್ಪತ್ತೈದಾಯಿತು.

"ಮಿತಿ ಮೀರಿದ ಐದಕ್ಕೆ ನೂರು ಕಡಲೆಕಾಯಿ ಕೊಡು," ಎಂದಿತು ಕಾಗೆ.

ಅಷ್ಟು ಕೊಟ್ಟರೆ ಮಳೆಗಾಲಕ್ಕೆ ಅಳಿಲಿನ ಮರಿಗಳು ಉಪವಾಸ. "ಕಾಗೆಯಣ್ಣ, ಮಿತಿ ಮುಗಿದಾಗ ಒಂದು ಮಾತು ಹೇಳಬಾರದಿತ್ತೇ?"

"ಎಣಿಸಿಕೊಳ್ಳುವುದು ನಿನ್ನ ಕೆಲಸ."

ಅಳಿಲು ಅಳುತ್ತಾ ಕೂರಲಿಲ್ಲ. ಮೊಲ, ಆಮೆ, ಮುಂಗುಸಿಗಳನ್ನು ವಿಚಾರಿಸಿತು. ಎಲ್ಲರೂ ಹೀಗೆಯೇ ತೆತ್ತವರು. ಮರುದಿನ ಎಲ್ಲರೂ ಒಟ್ಟಾಗಿ ಬಂದು, "ಎಚ್ಚರಿಸದೆ ಒಯ್ದ ಸುದ್ದಿಗೆ ಕೂಲಿಯಿಲ್ಲ. ಒಪ್ಪದಿದ್ದರೆ ಇನ್ನು ನಿನಗೆ ಕೆಲಸವೇ ಇಲ್ಲ," ಎಂದರು. ಕಾಗೆ ತಲೆ ತಗ್ಗಿಸಿ ಒಪ್ಪಿತು.

ಮುಂದಿನ ತಿಂಗಳು ಅದು ಕಾಡೆಲ್ಲ ಕೇಳುವಂತೆ, "ಅಳಿಲಕ್ಕಾ, ಇಪ್ಪತ್ತು ಮುಗಿಯಿತು!" ಎಂದು ಕೂಗಿದಾಗ ಅಳಿಲು ಬಾಲವೆತ್ತಿ ನಕ್ಕಿತು. "ಸಂತೋಷ ಅಣ್ಣ, ಇನ್ನು ನೀನು ವಿಶ್ರಾಂತಿ ತೆಗೆದುಕೋ."